ಕಂಪನಿ ವಾಪಸ್ ತಗೊಂಡ ಸ್ಪೋರ್ಟ್ಸ್ ಕಾರು: ಹುಬ್ಬಳ್ಳಿಯಲ್ಲಿ ಅದಕ್ಕೆ ಎಷ್ಟು ಕೊಡಬಹುದು?

ಗೋಕುಲ ರೋಡಿನ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಎರಡು ವರ್ಷದ, 18,000 ಕಿ.ಮೀ. ಓಡಿದ ಟರ್ಬೊ ಪೆಟ್ರೋಲ್ ಗಾಡಿ ಬಂದಿದೆ ಅಂದುಕೊಳ್ಳಿ. ಅದೇ ಮಾಡೆಲ್ ಬೇರೆ ಕಡೆ 12 ಲಕ್ಷ, ಇಲ್ಲಿ 10. ಯಾಕೆ ಅಂತ ಕೇಳಿದರೆ "ಕಂಪನಿ ಬೈಬ್ಯಾಕ್ ಗಾಡಿ ರೀ" ಅನ್ನುತ್ತಾರೆ. ಟೋಕನ್ ಕೊಡುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಕಂಪನಿ ಅದನ್ನ ವಾಪಸ್ ತಗೊಂಡಿದ್ದು ಯಾಕೆ?

ಈ ಒಂದೇ ಹೆಸರಿನಡಿ ಮೂರು ಥರದ ಗಾಡಿ ಮಾರಾಟವಾಗುತ್ತವೆ. ಮೊದಲನೆಯದು, ಕೊಳ್ಳುವಾಗಲೇ "ಮೂರು ವರ್ಷಕ್ಕೆ ಇಷ್ಟು ಪರ್ಸೆಂಟ್‌ಗೆ ವಾಪಸ್ ತಗೋತೀವಿ" ಎಂದು ಬರೆದುಕೊಟ್ಟ ಸ್ಕೀಮಿನ ಗಾಡಿ. ಅದರಲ್ಲಿ ದೋಷ ಇರಲೇಬೇಕೆಂದಿಲ್ಲ, ಮಾರ್ಕೆಟ್ ರೇಟು ಕೊಟ್ಟರೂ ತಪ್ಪಿಲ್ಲ. ಎರಡನೆಯದು ಶೋರೂಮಿನ ಡೆಮೊ ಗಾಡಿ. ನೂರು ಜನ ಬಂದು ನಿಂತಲ್ಲಿಂದ ಒಮ್ಮೆಲೇ ಜೋರಾಗಿ ಎಬ್ಬಿಸಿ ಕ್ಲಚ್ ತಿಂದಿರುತ್ತಾರೆ. ಮೂರನೆಯದೇ ನಿಜವಾದ ತಲೆನೋವು: ಅದೇ ಕಂಪ್ಲೇಂಟ್ ಮತ್ತೆ ಮತ್ತೆ ಬಂದು, ರಿಪೇರಿ ಆಗದೆ, ಕಂಪನಿ ಹಣ ವಾಪಸ್ ಕೊಟ್ಟ ಗಾಡಿ.

ಕ್ಯಾಲಿಫೋರ್ನಿಯಾದಲ್ಲಾದರೆ ಈ ಮೂರನೆಯ ಗಾಡಿಯನ್ನ ಬಚ್ಚಿಡಲು ಬರುವುದಿಲ್ಲ. ರಿಪೇರಿಯಾಗದ ಇಂಥ ಗಾಡಿಗೆ ಅಲ್ಲಿ 'ಲೆಮನ್' ಅನ್ನುತ್ತಾರೆ. ಅದರ ಟೈಟಲ್ (ಮಾಲೀಕತ್ವದ ಪತ್ರ) ಮೇಲೆ 'ಲೆಮನ್ ಲಾ ಬೈಬ್ಯಾಕ್' ಎಂಬ ಮುದ್ರೆ, ಎಡ ಬಾಗಿಲ ಚೌಕಟ್ಟಿಗೆ ಸ್ಟಿಕ್ಕರ್, ದೋಷ ಏನಿತ್ತೆಂದು ಬರವಣಿಗೆ, ಆ ದೋಷಕ್ಕೆ ಒಂದು ವರ್ಷದ ವಾರಂಟಿ, ಇವೆಲ್ಲ ಕಡ್ಡಾಯ. ನಮ್ಮಲ್ಲಿ ಪ್ರತ್ಯೇಕ ಲೆಮನ್ ಕಾನೂನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಆಯೋಗ ಗಾಡಿ ಬದಲಿಸಿಕೊಡಲು, ಹಣ ಮರಳಿಸಲು ಆದೇಶ ಕೊಡಬಹುದು. ಆದರೆ ಆರ್‌ಸಿಯಲ್ಲಿ ಅದನ್ನ ಬರೆಯುವ ಕಾಲಮ್ಮೇ ಇಲ್ಲ. ಹಾಗಾಗಿ ಹುಡುಕುವ ಕೆಲಸ ಕೊಳ್ಳುವವರ ಮೇಲೆಯೇ ಬೀಳುತ್ತದೆ. ಇದು ಅನ್ಯಾಯ, ಆದರೆ ಸದ್ಯ ಇರುವುದು ಹೀಗೆ.

ಈಗ ರೇಟಿಗೆ ಬರೋಣ. 10 ಲಕ್ಷಕ್ಕೆ ತಗೊಂಡರೆ 2 ಲಕ್ಷ ಉಳಿಯಿತು ಅನ್ನುವುದು ತಪ್ಪು ಲೆಕ್ಕ. ಮೂರು ವರ್ಷದ ನಂತರ ಅದೇ ಮಾಡೆಲ್‌ನ ಸ್ವಚ್ಛ ಗಾಡಿ 8 ಲಕ್ಷಕ್ಕೆ ಹೋಗುತ್ತದೆ ಅಂದುಕೊಳ್ಳಿ. ನಿಮ್ಮದನ್ನ ನೋಡಲು ಬರುವ ಪಾರ್ಟಿಯೂ ಜಾಬ್ ಕಾರ್ಡ್ (ಪ್ರತಿ ಸರ್ವಿಸ್‌ನಲ್ಲಿ ಏನು ಕೆಲಸ ಆಯಿತೆಂಬ ಚೀಟಿ) ಕೇಳುತ್ತದೆ, 6.5 ಅನ್ನುತ್ತದೆ. ಸ್ವಚ್ಛ ಗಾಡಿಯವರು ಕಳಕೊಂಡದ್ದು 4 ಲಕ್ಷ, ನೀವು ಕಳಕೊಂಡದ್ದು 3.5. ಅಂದರೆ ಉಳಿದದ್ದು ಐವತ್ತೇ ಸಾವಿರ, ಅದೂ ಹಳೆ ದೋಷ ಮತ್ತೆ ಬರುವ ಭಯವನ್ನ ಮೂರು ವರ್ಷ ಹೊತ್ತುಕೊಂಡು.

ಡೀಲರ್ ಕಡೆಯಿಂದಲೂ ಲೆಕ್ಕ ಹಾಕಿ. ಹರಾಜಿನಲ್ಲಿ 8.25ಕ್ಕೆ ಎತ್ತಿದ್ದಾರೆ ಅಂದುಕೊಳ್ಳಿ, ಟೈರು-ಪಾಲಿಶ್-ಕಾಗದಪತ್ರಕ್ಕೆ 40,000 ಹಾಕಿದ್ದಾರೆ, ತಿಂಗಳಿಗೆ ಒಂದೂಕಾಲು ಪರ್ಸೆಂಟ್ ಬಡ್ಡಿಯಲ್ಲಿ ಮೂರು ತಿಂಗಳು ನಿಲ್ಲಿಸಿದ್ದಾರೆ, ಅಂದರೆ 31,000. ನೋಂದಾಯಿತ ಡೀಲರ್ ಹಳೆ ಗಾಡಿಗೆ ಮಾರ್ಜಿನ್ ಮೇಲೆ 18% ಜಿಎಸ್‌ಟಿ ಕಟ್ಟಬೇಕು. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರವೇ ಮಾರ್ಜಿನ್, ರಿಪೇರಿ ಖರ್ಚು ಅದರಲ್ಲಿ ಕಳೆಯುವಂತಿಲ್ಲ. 10ಕ್ಕೆ ಮಾರಿದರೆ ತೆರಿಗೆ ಒಳಗೊಂಡು ಸುಮಾರು 27,000 ಹೋಗಿ, ಕೈಗೆ 77,000 ಉಳಿಯುತ್ತದೆ. 9.5ಕ್ಕೆ ಇಳಿದರೂ 35,000 ಸಿಗುತ್ತದೆ. ಸ್ಪೋರ್ಟ್ಸ್ ಗಾಡಿಗೆ ನಮ್ಮ ಊರಲ್ಲಿ ಗಿರಾಕಿ ಕಡಿಮೆ. ತೊಂಬತ್ತು ದಿನ ನಿಂತ ಗಾಡಿಯಾದರೆ 9.5ಕ್ಕೆ ಬರುತ್ತಾರೆ. ಆಗ ಮೇಲಿನ ಮೂರು ವರ್ಷದ ಲೆಕ್ಕದಲ್ಲಿ ನಿಮಗೆ ಉಳಿಯುವುದು ಒಂದು ಲಕ್ಷ, ಅದು ನೀವು ಹೊರುವ ರಿಸ್ಕಿನ ಬೆಲೆ. ವಾಪಸ್ ಹೋದ ಕಾರಣ ಕಾಗದದಲ್ಲಿ ಸಿಗದಿದ್ದರೆ 9.5ಕ್ಕೂ ಬೇಡ.

ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಹೊಸ ಕಾರಿನ ಜಿಎಸ್‌ಟಿ ಇಳಿದಿದೆ. ಹಳೆ ಇನ್‌ವಾಯ್ಸ್ ತೋರಿಸಿ "ಆನ್ ರೋಡ್ ಇಷ್ಟಾಗಿತ್ತು" ಅಂದರೆ ಒಪ್ಪಬೇಡಿ, ಇವತ್ತಿನ ರೇಟಿನಿಂದಲೇ ಲೆಕ್ಕ ಶುರು ಮಾಡಿ.

ಕಾರಣ ಹುಡುಕುವುದು ಹೇಗೆ? ಕಂಪನಿ ಸರ್ವಿಸ್ ಸೆಂಟರಿನಿಂದ ಜಾಬ್ ಕಾರ್ಡ್‌ಗಳ ಪೂರ್ತಿ ಪಟ್ಟಿ ಬೇಕು, ಸಾರಾಂಶ ಸಾಲದು. ಒಂದೇ ಕೆಲಸ ಮೂರು-ನಾಲ್ಕು ಸಲ ಬಂದಿದ್ದರೆ ಅದೇ ಉತ್ತರ. ಹಳೆ ವಿಮಾ ಪಾಲಿಸಿಗಳನ್ನೂ ಕೇಳಿ. ಕ್ಲೇಮ್ ಇಲ್ಲದ ಗಾಡಿಯ ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ರಿಯಾಯಿತಿ) ಎರಡನೇ ಪಾಲಿಸಿಯಲ್ಲಿ 20, ಮೂರನೆಯದರಲ್ಲಿ 25, ನಾಲ್ಕರಲ್ಲಿ 35 ಪರ್ಸೆಂಟ್ ಇರುತ್ತದೆ. ಮಾಲೀಕರು ಬದಲಾಗದೆಯೂ ಮಧ್ಯದಲ್ಲಿ ಸೊನ್ನೆಗೆ ಬಿದ್ದಿದ್ದರೆ ಅದರ ಹಿಂದಿನ ವರ್ಷ ಕ್ಲೇಮ್ ಆಗಿರುವ ಸಾಧ್ಯತೆ ಹೆಚ್ಚು. ಕ್ಲೇಮ್ ಮಾಡಿದರೂ ಬೋನಸ್ ಉಳಿಸುವ ಎನ್‌ಸಿಬಿ ಪ್ರೊಟೆಕ್ಷನ್ ತಗೊಂಡಿದ್ದರೆ ಮಾತ್ರ ಈ ಗುರುತು ಕಾಣುವುದಿಲ್ಲ.

ಆಮೇಲೆ ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಹಾಕಿ. ಫಾಲ್ಟ್ ಕೋಡ್ ಇಲ್ಲ ಎಂದು ಬಂದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಲೈವ್ ಡೇಟಾದಲ್ಲಿ "ಕೋಡ್ ಅಳಿಸಿದ ಮೇಲೆ ಓಡಿದ ದೂರ" ಎಂಬ ಸಾಲು ಇರುತ್ತದೆ. 18,000 ಓಡಿದ ಗಾಡಿ ಅಲ್ಲಿ 12 ಕಿ.ಮೀ. ತೋರಿಸಿದರೆ ನೀವು ಬರುವ ಮುಂಚೆಯೇ ಯಾರೋ ಅಳಿಸಿರಬಹುದು. ಅಂಥ ಗಾಡಿಯನ್ನ ನೂರು ಕಿ.ಮೀ. ಓಡಿಸಿ ಮತ್ತೆ ಸ್ಕ್ಯಾನ್ ಮಾಡದೆ ಮಾತು ಮುಂದುವರಿಸಬೇಡಿ.

ಉದಾಹರಣೆಗೆ, 1.2 ಎಂಜಿನ್ನಿನ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕೊಳ್ಳುವವರು ಅದರ ಏಳು ಸ್ಪೀಡಿನ ಡ್ರೈ ಕ್ಲಚ್ ಡಿಎಸ್‌ಜಿಯನ್ನ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಚೆನ್ನಾಗಿ ನೋಡಬೇಕು. ಗೇರು-ಕ್ಲಚ್ ನಡೆಸುವ ಮೆಕಾಟ್ರಾನಿಕ್ಸ್ ಘಟಕದಲ್ಲಿ ಎಣ್ಣೆಯ ಒತ್ತಡ ಹಿಡಿದಿಡುವ ಅಕ್ಯುಮುಲೇಟರ್ ಬಳಿ ಬಿರುಕು ಬಿಟ್ಟರೆ ಒತ್ತಡ ಕುಸಿದು ಗಾಡಿ ನಿಂತಲ್ಲೇ ನಿಲ್ಲುತ್ತದೆ. ಒಂದು ಕ್ಲಚ್ಚಿನ ಬದಿ ಮಾತ್ರ ಕೈಕೊಟ್ಟರೆ 1-3-5-7 ಅಥವಾ 2-4-6-ರಿವರ್ಸ್ ಅಷ್ಟೇ ಉಳಿಯುತ್ತವೆ, ಗೇರಿನ ಅಕ್ಷರ ಮಿಣಕುತ್ತದೆ. ತಣ್ಣಗಿದ್ದಾಗ ಇದು ಸುಳಿವು ಕೊಡದೆ ಇರಬಹುದು. ಅದಕ್ಕೇ ಹೊಸೂರಿನಿಂದ ಉಣಕಲ್‌ವರೆಗೆ ಸಂಜೆ ಟ್ರಾಫಿಕ್‌ನಲ್ಲಿ ಅರ್ಧ ತಾಸು ತೆವಳಿಸಿ, ಬಿಸಿ ಇದ್ದಾಗಲೇ ಏರಿನಲ್ಲಿ ರಿವರ್ಸ್ ಹಾಕಿ ನೋಡಿ. ಗಬ್ಬೂರ-ನರೇಂದ್ರ ಬೈಪಾಸಿನಲ್ಲಿ ಜೋರಾಗಿ ಓಡಿಸಿದರೆ ಎಂಜಿನ್ ಗೊತ್ತಾಗುತ್ತದೆ, ಕ್ಲಚ್ ಅಲ್ಲ.

ಗಾಡಿಯನ್ನ ಲಿಫ್ಟಿಗೆ ಏರಿಸಿ ಕೆಳಗೂ ನೋಡಿ. ಎರೆಮಣ್ಣು ಒಣಗಿ ಕಚ್ಚಿಕೊಂಡಿದ್ದರೆ ನೀರು ಹಿಡಿದಿಟ್ಟು ತುಕ್ಕು ತರುತ್ತದೆ. ತಗ್ಗು ಗಾಡಿಗಳಲ್ಲಿ ಹಂಪ್ ತಾಗಿ ಎಣ್ಣೆ ಚೇಂಬರ್ ಜಜ್ಜಿರುವುದೂ ಮಾಮೂಲು.

ಕಾಗದದ ವಿಷಯ. 2023ರ ಏಪ್ರಿಲ್‌ನಿಂದ ಹಳೆ ಗಾಡಿ ಡೀಲರಿಗೆ ಆರ್‌ಟಿಒದಿಂದ ಅಧಿಕಾರಪತ್ರ ಬೇಕು, ಹಿಂದಿನ ಮಾಲೀಕರು ಅವರಿಗೆ ಗಾಡಿ ಒಪ್ಪಿಸಿದ ಫಾರ್ಮ್ 29ಸಿ ಇರಬೇಕು. ಎರಡನ್ನೂ ತೋರಿಸಲು ಹೇಳಿ. ಕೆಎ-25, ಕೆಎ-63 ಗಾಡಿಯಾದರೆ ಫಾರ್ಮ್ 29, 30ರಲ್ಲಿ ಹೆಸರು ಬದಲಾವಣೆಯ ಕೆಲಸ ಮುಗಿಯುತ್ತದೆ. ಗಾಡಿ ಮೇಲೆ ಸಾಲ ಇದ್ದರೆ ಅದು ತೀರಿದ್ದಕ್ಕೆ ಫಾರ್ಮ್ 35 ಸೇರಿಸಿ. ಹೊರರಾಜ್ಯದ್ದಾದರೆ ಎನ್‌ಓಸಿ ಜತೆಗೆ ಇಲ್ಲಿಯ ಜೀವಾವಧಿ ತೆರಿಗೆಯೂ ಬರುತ್ತದೆ. ಅದನ್ನ ಲೆಕ್ಕ ಹಾಕುವುದು ನೀವು ಕೊಟ್ಟ 9.5ರ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ, ವಯಸ್ಸಿಗೆ ತಕ್ಕಷ್ಟು ಕಳೆದು. ಗೋವಾ, ಮಹಾರಾಷ್ಟ್ರದ ಗಾಡಿ ಅಗ್ಗ ಅನಿಸಿದಾಗ ಮೊದಲು ಈ ಮೊತ್ತವನ್ನ ಕೂಡಿಸಿ ನೋಡಿ. ವಿಮೆಯನ್ನ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಿಂದಿನವರ ಎನ್‌ಸಿಬಿ ಅವರದೇ, ನಿಮಗೆ ಬರುವುದಿಲ್ಲ, ಆ ಅಂತರದ ಪ್ರೀಮಿಯಂ ನೀವೇ ತುಂಬಬೇಕು.