ಹಿಮದ ಸ್ಲೀಪಿಂಗ್ ಬ್ಯಾಗಿಗೆ ಕಾಸರಗೋಡಿನ ಮಳೆಗಾಲ

ಬದಿಯಡ್ಕದಲ್ಲಿ ಕೂತು ಮೈನಸ್ ಹತ್ತು ಡಿಗ್ರಿಯ ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ಕೊಡುವ ಕೆಲಸ ಎಂದರೆ ಕೇಳಿದವರು ಒಮ್ಮೆ ತಿರುಗಿ ನೋಡುತ್ತಾರೆ. ಇಲ್ಲಿ ಜನವರಿಯ ನಸುಕಿಗೂ ಒಂದು ತೆಳು ಹೊದಿಕೆ ಸಾಕು. ಆದರೆ ಡಿಸೆಂಬರ್ ಬಂತೆಂದರೆ ಕೇದಾರಕಂಠ, ಬ್ರಹ್ಮತಾಲ್ ಎಂದು ಉತ್ತರಾಖಂಡದ ಹಿಮದ ಚಾರಣಕ್ಕೆ ಹೊರಡುವ ಕಾಲೇಜು ಹುಡುಗರು ಈ ಗಡಿನಾಡಿನಲ್ಲೂ ಬೇಕಾದಷ್ಟಿದ್ದಾರೆ. ಈ ಕೆಲಸ ಕಲಿಸುವ ಪಾಠ ಒಂದೇ. ಬ್ಯಾಗು ಹಿಮದಲ್ಲಿ ಇರುವುದು ವರ್ಷಕ್ಕೆ ಹದಿನೈದೋ ಇಪ್ಪತ್ತೋ ರಾತ್ರಿ. ಉಳಿದ ದಿನವೆಲ್ಲ ಅದು ನಮ್ಮ ಕಪಾಟಿನಲ್ಲಿ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಹೊಯ್ಯುವ ಊರಿನಲ್ಲಿ ಇರುತ್ತದೆ. ಅದರ ಆಯುಷ್ಯ ತೀರ್ಮಾನ ಆಗುವುದು ಇಲ್ಲೇ.

ಈ ಬ್ಯಾಗುಗಳ ಒಳಗೆ ತುಂಬಿರುವುದು ಡೌನ್. ಡೌನ್ ಎಂದರೆ ಬಾತುಕೋಳಿ ಅಥವಾ ಹೆಬ್ಬಾತಿನ ಗರಿಗಳ ಅಡಿಯಲ್ಲಿರುವ, ದಂಟಿಲ್ಲದ ನವಿರು ತುಪ್ಪಳ. ಬೆಚ್ಚಗಿಡುವುದು ತುಪ್ಪಳವಲ್ಲ, ಅದು ಹಿಡಿದಿಟ್ಟ ಗಾಳಿ. ಹಾಗಾಗಿ ಬ್ಯಾಗು ಎಷ್ಟು ಉಬ್ಬುತ್ತದೋ ಅಷ್ಟೇ ಅದರ ಶಾಖ. ತೇವ ತಗಲಿದರೆ ಎಳೆಗಳು ಅಂಟಿಕೊಂಡು ಉಬ್ಬು ಇಳಿಯುತ್ತದೆ. ಮೈಯ ಎಣ್ಣೆ, ಕೂದಲಿಗೆ ಹಚ್ಚಿದ ತೆಂಗಿನೆಣ್ಣೆ ಬಟ್ಟೆಯ ಮೂಲಕ ಒಳಗಿಳಿದರೂ ಅದೇ ಕತೆ. ನಮ್ಮ ಕಡೆಯ ಬ್ಯಾಗುಗಳಲ್ಲಿ ಮೊದಲು ಸೊರಗುವುದು ತಲೆಯ ಹುಡ್, ಆಮೇಲೆ ಕುತ್ತಿಗೆಯ ಕಾಲರ್. ಅದಕ್ಕೇ ಒಳಹೊದಿಕೆ, ಅಂದರೆ ಲೈನರ್ ಇಲ್ಲದೆ ಬ್ಯಾಗು ಬಾಡಿಗೆಗೆ ಕೊಡಬಾರದು. ಪ್ರತಿ ಬಾರಿ ಲೈನರ್ ಒಗೆದರೆ ಸಾಕು. ಬ್ಯಾಗನ್ನು ಪ್ರತಿ ಬಾಡಿಗೆಯ ನಂತರ ಒಗೆಯುವವರು ಅದನ್ನು ತಾವೇ ಸವೆಸುತ್ತಾರೆ.

ಬೆಟ್ಟದ ಮೇಲೆ ಆಗುವುದನ್ನೂ ಕೊಡುವಾಗಲೇ ಹೇಳಿಕೊಡಬೇಕು. ರಾತ್ರಿಯಿಡೀ ಮೈಯಿಂದ ಹೊರಡುವ ಆವಿ ಡೌನ್ ಪದರದೊಳಗೆ ಹಾದು ಹೋಗುವಾಗ ಹೊರಗಿನ ತಣ್ಣನೆಯ ಬದಿಯಲ್ಲಿ ನೀರಾಗುತ್ತದೆ, ಸೊನ್ನೆಗಿಂತ ಕೆಳಗಾದರೆ ಹಿಮವಾಗಿ ಕೂರುತ್ತದೆ. ಒಂದು ರಾತ್ರಿಗೆ ಅದು ಗೊತ್ತಾಗದು. ಐದನೇ ರಾತ್ರಿ ‘ಬ್ಯಾಗು ಸರಿಯಿಲ್ಲ, ಚಳಿಯಾಯಿತು’ ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಇದೇ. ಎದ್ದ ಕೂಡಲೇ, ಬ್ಯಾಗು ಮೈಶಾಖದಲ್ಲಿ ಇನ್ನೂ ಬೆಚ್ಚಗಿರುವಾಗಲೇ, ಕಾಲಿನ ಕಡೆಯಿಂದ ಸುರುಳಿ ಸುತ್ತುತ್ತಾ ಒತ್ತಿ ಒಳಗಿನ ತೇವದ ಗಾಳಿಯನ್ನು ಹೊರಗೆ ತಳ್ಳಬೇಕು. ಆಮೇಲೆ ಒಳಮೈ ಹೊರಗೆ ಮಾಡಿ ಟೆಂಟಿನ ಮೇಲೆ ಅರ್ಧ ಗಂಟೆ ಹಾಕಬೇಕು. ಮುಖ ಒಳಗೆಳೆದುಕೊಂಡು ಉಸಿರಾಡಬಾರದು, ಮೂಗು ಬಾಯಿ ಯಾವಾಗಲೂ ಹೊರಗೇ ಇರಬೇಕು. ಚಂಡಿಯಾದ ಕಾಲುಚೀಲವನ್ನು ಒಣಗಲೆಂದು ಒಳಗಿಟ್ಟುಕೊಳ್ಳುವ ಅಭ್ಯಾಸ ಒಂದಿದೆ. ಆ ನೀರು ಬೇರೆಲ್ಲಿಗೂ ಹೋಗುವುದಿಲ್ಲ, ಸೀದಾ ಡೌನ್‌ಗೆ ಇಳಿಯುತ್ತದೆ.

ಇನ್ನು ಬ್ಯಾಗಿಗೆ ಅಂಟಿರುವ ಪಟ್ಟಿಯ ಮೇಲಿನ ಸಂಖ್ಯೆ. ಸ್ಲೀಪಿಂಗ್ ಬ್ಯಾಗಿನ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 23537 ಪ್ರಕಾರ ಪರೀಕ್ಷೆ ಆದ ಬ್ಯಾಗಿನಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂದು ಮೂರು ತಾಪಮಾನ ಇರುತ್ತವೆ. ಎಕ್ಸ್‌ಟ್ರೀಮ್ ಎಂಬುದು ಜೀವ ಉಳಿಸಿಕೊಳ್ಳುವ ಲೆಕ್ಕ, ನಿದ್ದೆಯ ಲೆಕ್ಕವಲ್ಲ. ಬಾಡಿಗೆಗೆ ಕೊಡುವವರು ಕಂಫರ್ಟ್, ಅಂದರೆ ಆರಾಮಾಗಿ ನಿದ್ದೆ ಬರುವ ಸಂಖ್ಯೆಯೊಂದನ್ನೇ ಹೇಳಬೇಕು. ಅದೂ ಹೊಸ ಬ್ಯಾಗಿನ ಸಂಖ್ಯೆ, ಅಡಿಯಲ್ಲಿ ಚಾಪೆ ಇದೆ ಎಂದು ಹಿಡಿದು ಅಳೆದದ್ದು. ಮಲಗಿದವರ ಭಾರಕ್ಕೆ ಬೆನ್ನಿನಡಿಯ ಡೌನ್ ಚಪ್ಪಟೆಯಾಗುವುದರಿಂದ, ಚಾಪೆ ಸರಿಯಿಲ್ಲದಿದ್ದರೆ ಎಂಥ ಬ್ಯಾಗಿದ್ದರೂ ನೆಲದ ಥಂಡಿ ಏರುತ್ತದೆ.

ತಿರುಗಿ ಬಂದ ಬ್ಯಾಗಿನ ಕೆಲಸವೇ ದೊಡ್ಡದು. ಕೊನೆಯ ಕ್ಯಾಂಪಿನಲ್ಲಿ ಬೆಳಗ್ಗೆ ತುರುಕಿದ ಬ್ಯಾಗು ದೆಹಲಿ ಸೇರಿ, ನಿಜಾಮುದ್ದೀನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ, ಕೊಂಕಣ ದಾರಿಯಲ್ಲಿ ಕಾಸರಗೋಡು ಮುಟ್ಟುವಾಗ ನಾಲ್ಕೈದು ದಿನ ಬಿಗಿಯಾಗಿ, ತೇವದಲ್ಲೇ ಇದ್ದಿರುತ್ತದೆ. ಬಂದ ದಿನವೇ ಬಿಚ್ಚಬೇಕು. ‘ನಾಳೆ ನೋಡೋಣ’ ಎಂದರೆ ಬೂಷ್ಟು ಹಿಡಿದ ವಾಸನೆ ಬರುತ್ತದೆ, ಆ ವಾಸನೆ ಒಮ್ಮೆ ಕೂತರೆ ಒಗೆದರೂ ಪೂರ್ತಿ ಬಿಡದು. ಹಗ್ಗದ ಮಂಚದ ಮೇಲೆ ನೆರಳಿನಲ್ಲಿ ಹರಡಿ, ಫ್ಯಾನ್ ಹಾಕಿ, ಗಂಟೆಗೊಮ್ಮೆ ಮಗುಚಬೇಕು. ಅಂಗಳದ ಬಿಸಿಲಿಗೆ ಅಡಿಕೆಯ ಹಾಗೆ ದಿನಗಟ್ಟಲೆ ಹಾಕಿಟ್ಟರೆ ಡೌನ್ ಒಣಗಬಹುದು, ಆದರೆ ನೈಲಾನ್ ಬಟ್ಟೆ ಬಿಸಿಲಿಗೆ ಕುಂಬಾಗಿ ಹೊಲಿಗೆಯ ಬದಿಯಲ್ಲಿ ಹರಿಯತೊಡಗುತ್ತದೆ.

ಒಣಗಿತೋ ಇಲ್ಲವೋ ಎಂದು ಮೇಲ್ಗಡೆ ಮುಟ್ಟಿದರೆ ತಿಳಿಯುವುದಿಲ್ಲ, ನೈಲಾನ್ ಬೇಗ ಒಣಗಿ ಮೋಸ ಮಾಡುತ್ತದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಡೌನ್ ತುಂಬಿ ಹೊಲಿದ ಒಂದೊಂದೇ ಕೋಣೆಯನ್ನು ಹಿಡಿದು ಮೆಲ್ಲಗೆ ಜಾರಿಸುತ್ತಾ ಹೋಗಬೇಕು. ಹುಣಸೆಬೀಜದಷ್ಟು ಗಂಟು ಸಿಕ್ಕಿದರೂ ಒಳಗೆ ನೀರಿದೆ ಎಂದರ್ಥ. ಅದನ್ನು ಬಟ್ಟೆಯ ಹೊರಗಿನಿಂದಲೇ ಬೆರಳಲ್ಲಿ ಹೊಸೆದು ಬಿಡಿಸಿ ಮತ್ತೆ ಗಾಳಿಗೆ ಹಾಕಬೇಕು. ಇದಕ್ಕಿಂತ ನಂಬಿಕೆಯ ಸಾಕ್ಷಿ ತಕ್ಕಡಿ. ಪ್ರತಿ ಬ್ಯಾಗಿನ ಒಣ ತೂಕವನ್ನು ಜನವರಿಯಲ್ಲಿ, ಗಾಳಿ ಒಣಗಿರುವ ಮಧ್ಯಾಹ್ನ ಅಳೆದು ಪಟ್ಟಿಯ ಮೇಲೆ ಬರೆದಿಡಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಯಾರೂ ಮುಟ್ಟದ ಬ್ಯಾಗೂ ಅದಕ್ಕಿಂತ ಹೆಚ್ಚು ತೂಗುತ್ತದೆ, ಯಾಕೆಂದರೆ ಡೌನ್ ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ನಾವು ಇಟ್ಟುಕೊಂಡ ಗೆರೆ ಒಣ ತೂಕಕ್ಕಿಂತ 30 ಗ್ರಾಂ ಹೆಚ್ಚು. ಅದನ್ನು ದಾಟಿದ ಬ್ಯಾಗು ಕಪಾಟಿಗೆ ಹೋಗುವುದಿಲ್ಲ.

ಕಪಾಟು ಎಂದೆ, ಆದರೆ ಬೇಕಾದದ್ದು ಒಂದು ಕೋಣೆ. ಕಿಟಕಿ ಮುಚ್ಚಿದ ಚಿಕ್ಕ ಕೋಣೆಗೆ ಡಿಹ್ಯುಮಿಡಿಫೈಯರ್, ಗೋಡೆಗೆ ತೇವಾಂಶದ ಮೀಟರ್. ಜೂನ್‌ನಿಂದ ಸೆಪ್ಟೆಂಬರ್ ಕೊನೆಯ ತನಕ ಅದು ಶೇಕಡ 60ರ ಕೆಳಗೆ ಇರಬೇಕು. ಕರೆಂಟು ಹೋದ ದಿನ ಬಾಗಿಲು ತೆರೆಯಬೇಡಿ. ಹೊಗೆ ಅಟ್ಟದಲ್ಲಿ ಇಟ್ಟರೆ ಬೂಷ್ಟು ಬಾರದು ಎನ್ನುವ ಹಿರಿಯರ ಮಾತು ಚಾಪೆಗೆ, ಬುಟ್ಟಿಗೆ ಸರಿ. ಬ್ಯಾಗಿಗೆ ಬೇಡ, ಹೊಗೆಯ ಜಿಡ್ಡೂ ಎಣ್ಣೆಯೇ. ನುಸಿಗುಳಿಗೆಯೂ ಬೇಡ, ಬಾಡಿಗೆಗೆ ತೆಗೆದುಕೊಂಡವರು ರಾತ್ರಿಯಿಡೀ ಅದರ ವಾಸನೆ ಕುಡಿಯಬೇಕಾಗುತ್ತದೆ.

ಬಿಗಿಚೀಲ ದಾರಿಗೆ ಮಾತ್ರ. ಮನೆಯಲ್ಲಿ ಬ್ಯಾಗು ಸಡಿಲವಾಗಿರಬೇಕು. 2 ಮೀಟರಿನ ಹಳೆ ಪಂಚೆಯೊಂದನ್ನು ಅಡ್ಡಕ್ಕೆ ಮಡಿಸಿ, ಎರಡು ಬದಿ ಹೊಲಿದು, ಬಾಯಿಗೆ ಲಾಡಿ ಹಾಕಿದರೆ ಒಂದು ದೊಡ್ಡ ಬ್ಯಾಗು ಆರಾಮಾಗಿ ಕೂರುವ ಚೀಲ ಆಗುತ್ತದೆ. ಒಗೆದು ಒಗೆದು ಮೆತ್ತಗಾದ ಹತ್ತಿಯಲ್ಲಿ ಗಾಳಿ ಆಡುತ್ತದೆ. ಸಿಂಥೆಟಿಕ್ ನಾರಿನ ಬ್ಯಾಗಿಗೆ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಅದು ತೇವ ತಡೆದುಕೊಳ್ಳುತ್ತದೆ, ಆದರೆ ತುರುಕಿಟ್ಟರೆ ಮಡಿಸಿದಲ್ಲೆಲ್ಲ ನಾರು ಮುರಿದು ಮತ್ತೆ ಏಳುವುದಿಲ್ಲ. ಒಗೆದರೂ ಅದು ವಾಪಸು ಬರುವುದಿಲ್ಲ. ಡೌನ್ ಹಾಗಲ್ಲ, ಸರಿಯಾಗಿ ಒಗೆದರೆ ಮತ್ತೆ ಉಬ್ಬುತ್ತದೆ.

ಒಗೆಯುವುದು ವರ್ಷಕ್ಕೊಮ್ಮೆ, ಚಳಿಗಾಲದ ಬಾಡಿಗೆ ಮುಗಿದ ಮೇಲೆ, ಮಾರ್ಚ್‌ನಲ್ಲಿ. ಮಳೆಗಾಲದಲ್ಲಿ ಎಂದೂ ಬೇಡ. ದೊಡ್ಡ ಫ್ರಂಟ್‌ಲೋಡ್ ಯಂತ್ರ ಬೇಕು. ಮೇಲಿಂದ ತುಂಬುವ, ನಡುವೆ ಕಂಬ ಇರುವ ಯಂತ್ರ ಡೌನ್ ಕೋಣೆಗಳ ನಡುವಿನ ಬಟ್ಟೆಯ ಒಳಗೋಡೆಗಳನ್ನು ಹರಿದು ಹಾಕುತ್ತದೆ. 30 ಡಿಗ್ರಿ ನೀರು, ಡೌನ್‌ಗೆಂದೇ ಇರುವ ಸೋಪು, ಜಾಲಾಡುವುದು ಎರಡು ಸಲ ಹೆಚ್ಚು. ಮಾಮೂಲಿ ಸೋಪುಪುಡಿ, ಬಟ್ಟೆ ಮೆತ್ತಗಾಗಿಸುವ ದ್ರಾವಣ, ಬ್ಲೀಚ್ ಯಾವುದೂ ಬೇಡ. ಡ್ರೈಕ್ಲೀನಿಂಗಿಗಂತೂ ಕೊಡಲೇಬೇಡಿ. ಹೊರತೆಗೆಯುವ ಕ್ಷಣವೇ ಅಪಾಯದ್ದು: ಒಂದು ತುದಿ ಹಿಡಿದೆತ್ತಿದರೆ ನೆನೆದ ಡೌನ್‌ನ ಭಾರಕ್ಕೆ ಒಳಗೋಡೆ ಕಿತ್ತುಹೋಗುತ್ತದೆ. ಎರಡೂ ಕೈಯನ್ನು ಅಡಿಗೆ ಹಾಕಿ, ಎಳೆ ಮಗುವನ್ನು ಎತ್ತುವಂತೆ ಎತ್ತಿ ಬಕೆಟ್ಟಿಗೆ ಇಳಿಸಬೇಕು. ಆಮೇಲೆ ದೊಡ್ಡ ಡ್ರೈಯರಿನಲ್ಲಿ, ತೀರಾ ಕಡಿಮೆ ಬಿಸಿಗೆ, ಮೂರು ಟೆನ್ನಿಸ್ ಚೆಂಡು ಹಾಕಿ ಮೂರರಿಂದ ಐದು ಗಂಟೆ. ಊರಿನಲ್ಲಿ ಅಂಥ ಡ್ರೈಯರ್ ಇಲ್ಲದಿದ್ದರೆ ಹತ್ತಿಪ್ಪತ್ತು ಬ್ಯಾಗು ಒಟ್ಟು ಮಾಡಿ ಮಂಗಳೂರಿಗೆ ಒಯ್ಯುವುದು ಲೇಸು.

ಹರಿದದ್ದಕ್ಕೆ ನೈಲಾನ್ ಅಂಟುಪಟ್ಟಿ, ಮೂಲೆಗಳನ್ನು ದುಂಡಗೆ ಕತ್ತರಿಸಿ ಹಚ್ಚಬೇಕು. ಚೂಪು ಮೂಲೆ ಬೇಗ ಏಳುತ್ತದೆ. ಹೊರಗೆ ಇಣುಕಿದ ಗರಿಯನ್ನು ಎಳೆದು ತೆಗೆಯಬೇಡಿ, ತೂತು ದೊಡ್ಡದಾಗಿ ಅದರ ಹಿಂದೆ ಇನ್ನೆರಡು ಬರುತ್ತವೆ. ಇನ್ನೊಂದು ಬದಿಯಿಂದ ಚಿವುಟಿ ಒಳಕ್ಕೆಳೆದರೆ ಮುಗಿಯಿತು. ಝಿಪ್ ಹಾಕಿದರೂ ಹಿಂದೆ ಹಲ್ಲು ಬಿಡುತ್ತಿದ್ದರೆ ಹಲ್ಲು ಹೋಗಿಲ್ಲ, ಸ್ಲೈಡರ್ ಅಗಲವಾಗಿದೆ. ಇಕ್ಕಳದಲ್ಲಿ ಅದರ ಎರಡೂ ಬದಿಯನ್ನು ಕೂದಲೆಳೆಯಷ್ಟು ಒತ್ತಿ ನೋಡಿ, ಆಗದಿದ್ದರೆ ಸ್ಲೈಡರ್ ಮಾತ್ರ ಬದಲಿಸಿ.

ನವೆಂಬರ್‌ನಲ್ಲಿ, ಬಾಡಿಗೆ ಸುರುವಾಗುವ ಮೊದಲು, ಪ್ರತಿ ಬ್ಯಾಗನ್ನೂ ಕೊಡವಿ ಮೇಜಿನ ಮೇಲೆ ಒಂದು ಗಂಟೆ ಬಿಟ್ಟು ಎದೆಯ ಜಾಗದಲ್ಲಿ ಉಬ್ಬು ಅಳೆಯಿರಿ. ಕೊಂಡ ವರ್ಷದ ಅಳತೆಗೆ ಹೋಲಿಸಿ. ಒಗೆದ ಮೇಲೂ ಮೂರರಲ್ಲೊಂದು ಪಾಲು ಇಳಿದಿದ್ದರೆ ಆ ಬ್ಯಾಗು ಹಿಮಾಲಯಕ್ಕೆ ಹೋಗಬಾರದು. ಹಳೆ ಪಟ್ಟಿ ಕಿತ್ತು, ಹತ್ತಿರದ, ಅಷ್ಟು ಚಳಿಯಿಲ್ಲದ ಬೆಟ್ಟಗಳಿಗೆಂದು ‘ರಾಣಿಪುರಂ, ಕೊಡಗು ಮಾತ್ರ’ ಎಂದು ಅಳಿಸದ ಮಾರ್ಕರಿನಲ್ಲಿ ಬರೆದು ಬೇರೆ ಕೊಂಡಿಗೆ ನೇತುಹಾಕಿ.