ಯಾಣದ ಬಂಡೆ, ಶಾಲ್ಮಲೆಯ ಲಿಂಗ

ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಅಂತ ನಮ್ಮ ಉತ್ತರ ಕನ್ನಡದ ಕಡೆ ಒಂದು ಮಾತಿದೆ. ಈಗ ಯಾಣಕ್ಕೂ ರಸ್ತೆ ಆಗಿದೆ, ಅಷ್ಟೇನೂ ಸೊಕ್ಕು ಬೇಡ. ಶಿವರಾತ್ರಿಗಂತೂ ಜಾತ್ರೆಯ ಜನ. ಕಾಡಿನ ನಡುವೆ ನೆಟ್ಟಗೆ ನಿಂತ ಕರಿ ಬಂಡೆಗಳು ಅಲ್ಲಿ: ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90. ಕೆಳಗೆ ನಿಂತು ಕತ್ತೆತ್ತಿದವರು ಹೇಳುವುದು ಒಂದೇ: "ಇದು ದೇವರೇ ಕೆತ್ತಿದ್ದು!"

ಭಕ್ತಿಯ ಮಾತೇ. ಆದರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಉಳಿ ಹಿಡಿದವನ ಮನಸ್ಸಿನಲ್ಲಿ ನೋಡುವವರು ಇದ್ದೇ ಇರುತ್ತಾರೆ. ಬನವಾಸಿ ಮಧುಕೇಶ್ವರನ ಗುಡಿಯ ಕಲ್ಲಿನ ಮಂಚದ ಮುಂದೆ ನಿಂತಾಗ, ಕೆತ್ತಿದ ಕೈಗಳಿಗೂ ಒಂದು ನಮಸ್ಕಾರ ಸಲ್ಲುತ್ತದೆ. ಯಾಣದಲ್ಲಿ ಅಂಥ ಕೈ ಯಾವುದು? ಸುಣ್ಣದಕಲ್ಲನ್ನು ನೀರು ಕರಗಿಸುತ್ತಾ ಬಂತು. ಕರಗದೆ ಉಳಿದದ್ದು ನಿಂತಿತು. ಭಸ್ಮಾಸುರ ಸುಟ್ಟುಹೋದ ಜಾಗ ಅಂತ ನಾವು ಕಥೆ ಸೇರಿಸಿದೆವು. (ಅಲ್ಲಿನ ಕರಿ ಬಣ್ಣ ನೋಡಿದರೆ ಆ ಕಥೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.) ನಾವು ನೋಡಲಿ ಬಿಡಲಿ, ಗುಹೆಯ ಲಿಂಗದ ಮೇಲೆ ನೀರು ತೊಟ್ಟಿಕ್ಕುತ್ತದೆ. ಬಂಡೆಗೆ ಹೆಜ್ಜೇನು ಕಟ್ಟಿದರೂ ಅದು ಕೊರತೆಯಲ್ಲ. ನಮ್ಮನ್ನು ಮೆಚ್ಚಿಸಲು ಆದದ್ದೇ ಅಲ್ಲ ಅದು. ನನಗೆ ಕೈಮುಗಿಯಬೇಕು ಅನಿಸುವುದು ಅದಕ್ಕೇ. ಅಂಥದ್ದರ ಮೇಲೆ ಹೆಸರು ಗೀಚಲು ಕೆಲವರಿಗೆ ಮನಸ್ಸಾದರೂ ಹೇಗೆ ಬರುತ್ತದೋ!

ಶಿರಸಿ ಹತ್ತಿರದ ಸಹಸ್ರಲಿಂಗದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಶಾಲ್ಮಲೆ ಹೊಳೆಯ ಹರಿವಿನಲ್ಲೇ, ಬಂಡೆ ಬಂಡೆಗೂ ಲಿಂಗ, ಬಸವ. ಸೋಂದೆಯ ಅರಸ ಸದಾಶಿವರಾಯ ಕೆತ್ತಿಸಿದ್ದು ಅಂತ ಹೇಳುತ್ತಾರೆ. ಅವನು ಆಳಿದ್ದು 1678ರಿಂದ 1718ರವರೆಗೆ. ಇಲ್ಲಿ ಕೆತ್ತಿದವನಿಗೆ ಮಳೆಗಾಲದ ಹೊಳೆ ಗೊತ್ತಿರಲಿಲ್ಲವೇ? ಖಂಡಿತ ಗೊತ್ತಿತ್ತು. ನೀರು ಏರಿದರೆ ತನ್ನ ಕೆಲಸ ಕಾಣುವುದಿಲ್ಲ, ವರ್ಷ ವರ್ಷ ಸವೆಯುತ್ತದೆ ಅಂತಲೂ ಗೊತ್ತಿತ್ತು. ಆದರೂ ದಡದಲ್ಲಿ ಗುಡಿ ಕಟ್ಟಿ ಒಳಗೆ ಇಡಲಿಲ್ಲ. ಹೊಳೆಗೇ ಒಪ್ಪಿಸಿದ. ಗುಡಿಯ ಮೂರ್ತಿಗೆ ಮುಕ್ಕಾದರೆ ಪೂಜೆಗೆ ಬಾರದು ಅಂತೀವಿ. ಇಲ್ಲಿ ಅಂಚು ಅಳಿದ ಲಿಂಗಕ್ಕೂ ಶಿವರಾತ್ರಿಯ ದಿನ ಬಿಲ್ವಪತ್ರೆ ಬೀಳುತ್ತದೆ. ನನಗೆ ಹೊಸದಾಗಿ ಹೊಳೆಯುವ ಮೂರ್ತಿಗಿಂತ ಇವೇ ಜಾಸ್ತಿ ಚೆಂದ.

ದರ್ಶನಕ್ಕೆ ನವೆಂಬರ್ ಕಳೆದ ಮೇಲೆ ಹೋಗಿ, ನೀರು ಇಳಿದಿರುತ್ತದೆ. ಬಸವನ ಬೆನ್ನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವವರೂ ಸಿಗುತ್ತಾರೆ. ನಾನಂತೂ ಸುಮ್ನಿರುವುದಿಲ್ಲ, "ಸ್ವಲ್ಪ ಏಳಿ" ಅಂತ ಹೇಳಿಯೇ ಬಿಡುತ್ತೇನೆ. ಕೆಲವರು ಏಳುತ್ತಾರೆ, ಕೆಲವರು ನನ್ನನ್ನೇ ಫೋಟೋ ತೆಗೆಯಲು ಕೇಳುತ್ತಾರೆ.