ಇಷ್ಟು ಓದಿ ಕೊನೆಗೆ ಜೈಲಿಗೆ ಹೋದ್ಯಲ್ಲೇ

ಬುಧವಾರ ಬಂತೆಂದರೆ ನಾನು ಜೈಲಿನಲ್ಲಿರುತ್ತೇನೆ. ಮೊದಲ ಸಲ ಫೋನಿನಲ್ಲಿ ಇದನ್ನು ಹೇಳಿದಾಗ ಹಾಸನದಲ್ಲಿದ್ದ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ಇಷ್ಟು ಓದಿ ಕೊನೆಗೆ ಜೈಲಿಗೆ ಹೋದ್ಯಲ್ಲೇ" ಅಂದರು. ಕೈದಿಗಳಿಗೂ ಬೆನ್ನುನೋವು, ಶುಗರ್ ಎಲ್ಲ ಬರುತ್ತೆ, ಅವರನ್ನೂ ಯಾರಾದರೂ ನೋಡಬೇಕಲ್ವಾ ಅಂತ ಸಮಾಧಾನ ಮಾಡಿದೆ. ಉಳಿದ ದಿನಗಳಲ್ಲಿ ನಾನು ಇಂಗ್ಲೆಂಡಿನ ಯಾರ್ಕ್‌ಶೈರಿನ ಸಣ್ಣ ಊರೊಂದರಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್. ಇಲ್ಲಿ ಜಿಪಿಯ ಕ್ಲಿನಿಕ್ಕಿಗೆ ಸರ್ಜರಿ ಅನ್ನುತ್ತಾರೆ. ಅಲ್ಲಿ ದೊಡ್ಡ ಆಪರೇಷನ್ ಯಾವುದೂ ನಡೆಯಲ್ಲ, ಹೆಸರು ಮಾತ್ರ.

ಇಲ್ಲಿನ ಜಿಪಿಗಳಿಗೆ 1952ರಲ್ಲಿ ಹುಟ್ಟಿದ ಒಂದು ಸಂಘ ಇದೆ, ರಾಯಲ್ ಕಾಲೇಜ್ ಆಫ್ ಜನರಲ್ ಪ್ರಾಕ್ಟೀಷನರ್ಸ್. ಕಾಲೇಜು ಅಂದಾಕ್ಷಣ ಬೆಂಚು, ಹಾಸ್ಟೆಲ್ಲು ಅಂದುಕೊಳ್ಳಬೇಡಿ. ಲಂಡನ್ನಿನಲ್ಲಿ ಅದರ ಕಚೇರಿ. ಜಿಪಿ ಆಗುವವರ ಪರೀಕ್ಷೆ ನಡೆಸುವುದು, ತರಬೇತಿಯಲ್ಲಿ ಏನು ಕಲಿಯಬೇಕು ಅಂತ ಗೊತ್ತುಮಾಡುವುದು, ಆಗಾಗ ಸರ್ಕಾರದ ಜೊತೆ ವಾದ ಮಾಡುವುದು ಅದರ ಕೆಲಸ. ಪರೀಕ್ಷೆ ಪಾಸಾಗಿ ಹೆಸರಿನ ಕೊನೆಗೆ ಎಂಆರ್‌ಸಿಜಿಪಿ, ಅಂದರೆ ಈ ಕಾಲೇಜಿನ ಸದಸ್ಯರು ಅಂತ ಹಾಕಿಕೊಳ್ಳಬೇಕಾದರೆ ವರ್ಷ ವರ್ಷ ಚಂದಾ ಕಟ್ಟುತ್ತಿರಬೇಕು.

ಸದಸ್ಯರಾದ ಕೂಡಲೇ ನಿಮ್ಮ ಊರು ನೋಡಿ ಒಂದು ಫ್ಯಾಕಲ್ಟಿಗೆ ಹಾಕುತ್ತಾರೆ. ನಮ್ಮಲ್ಲಿ ಫ್ಯಾಕಲ್ಟಿ ಅಂದರೆ ಮೇಷ್ಟ್ರುಗಳು, ಹಾಗಾಗಿ ನನಗೆ ಪಾಠ ಮಾಡೋಕೆ ಕರೆಯುತ್ತಿದ್ದಾರೇನೋ ಅಂತ ಮೊದಲು ಗಾಬರಿ ಆಗಿತ್ತು. ಕಸಾಪಕ್ಕೆ ಜಿಲ್ಲಾ ಘಟಕಗಳು ಇರುವ ಹಾಗೆ ಇವು, ಅಷ್ಟೇ: ಯಾರ್ಕ್‌ಶೈರ್, ಮರ್ಸಿ, ವೆಸೆಕ್ಸ್, ಎಸೆಕ್ಸ್, ಹೀಗೆ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೋಗಲಿಲ್ಲ. ನಾಲ್ಕು ವರ್ಷ ಅವರ ಮೇಲ್‌ಗಳನ್ನು ಓದದೆ ಅಳಿಸಿದೆ. ಯುಗಾದಿಗೆ ಕನ್ನಡ ಬಳಗಕ್ಕೆ ಎರಡು ಗಂಟೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದವಳಿಗೆ ಇಪ್ಪತ್ತು ನಿಮಿಷದ ಫ್ಯಾಕಲ್ಟಿ ಸಭೆ ದೂರ ಅನ್ನಿಸುತ್ತಿತ್ತು. ಅದು "ಅವರದ್ದು" ಅನ್ನೋ ಭಾವನೆ. ನಮ್ಮ ಕಡೆಯ ಬಹಳ ಡಾಕ್ಟರುಗಳಿಗೆ ಈಗಲೂ ಇದೆ. ಭಾರತ, ಪಾಕಿಸ್ತಾನದಿಂದ ಬಂದ ಡಾಕ್ಟರುಗಳು ಇಲ್ಲದಿದ್ದರೆ ಇಲ್ಲಿನ ಗಣಿ ಊರುಗಳಲ್ಲಿ, ಕಾರ್ಖಾನೆ ಊರುಗಳಲ್ಲಿ ಎಷ್ಟೋ ಸರ್ಜರಿಗಳ ಬಾಗಿಲೇ ತೆರೆಯುತ್ತಿರಲಿಲ್ಲ. 2018ರಲ್ಲಿ ಕಾಲೇಜೇ ಆ ವಲಸಿಗರ ಬಗ್ಗೆ ತನ್ನ ಕಟ್ಟಡದಲ್ಲಿ ಪ್ರದರ್ಶನ ಇಟ್ಟಿತ್ತು. ಹಾಗಿದ್ದರೂ ಸಭೆಗೆ ಹೋದರೆ ನಾವು ಹಿಂದಿನ ಸಾಲಿನಲ್ಲೇ.

ನಾನು ಮೊದಲು ಹೋಗಿದ್ದು ಸಹೋದ್ಯೋಗಿಯೊಬ್ಬರ ಬಲವಂತಕ್ಕೆ. ತಣ್ಣಗಿನ ಸ್ಯಾಂಡ್‌ವಿಚ್, ಗರ್ಭನಿರೋಧಕಗಳ ಮೇಲೆ ಒಂದು ಉಪನ್ಯಾಸ. ಪಕ್ಕದಲ್ಲಿ ಕೂತಿದ್ದ ನಿವೃತ್ತ ಡಾಕ್ಟರ್ ನನಗೆ ವಿಲಿಯಂ ಪಿಕಲ್ಸ್ ಕಥೆ ಹೇಳಿದರು. ಪಿಕಲ್ಸ್ ಇದೇ ಯಾರ್ಕ್‌ಶೈರಿನ ವೆನ್ಸ್‌ಲಿಡೇಲ್ ಕಣಿವೆಯ ಹಳ್ಳಿ ಡಾಕ್ಟರು. ಯಾವ ಮನೆಯಲ್ಲಿ ಯಾವತ್ತು ಯಾರಿಗೆ ಸೋಂಕು ಬಂತು ಅಂತ ವರ್ಷಗಟ್ಟಲೆ ಬರೆದಿಟ್ಟರು. ಬೆಳಿಗ್ಗೆ ಕಾಮಾಲೆಯಿಂದ ಮಲಗಿದ್ದ ಹುಡುಗಿ ಮಧ್ಯಾಹ್ನ ಊರಿನ ಜಾತ್ರೆಯಲ್ಲಿ ಕಂಡಳಂತೆ. ಅವಳಿಂದ ಕಾಯಿಲೆ ಯಾರಿಗೆಲ್ಲ ಹೋಯಿತು, ಎಷ್ಟು ದಿನಕ್ಕೆ ಕಾಣಿಸಿತು ಅಂತ ಲೆಕ್ಕ ಹಾಕಿ ಆ ಕಾಮಾಲೆ ಒಳಗೇ ಎಷ್ಟು ದಿನ ಅಡಗಿರುತ್ತೆ ಅಂತ ಕಂಡುಹಿಡಿದರು. ಕಾಲೇಜಿನ ಮೊದಲ ಅಧ್ಯಕ್ಷರು ಅವರೇ. ಲಂಡನ್ನಿನ ದೊಡ್ಡ ಪ್ರೊಫೆಸರ್ ಅಲ್ಲ, ಹಳ್ಳಿ ಡಾಕ್ಟರು! ಆಮೇಲೆ ಆ ಮೇಲ್‌ಗಳನ್ನು ಅಳಿಸೋದು ಬಿಟ್ಟೆ.

ಆದರೆ ಜೈಲಿನ ವಿಷಯದಲ್ಲಿ ಫ್ಯಾಕಲ್ಟಿಯಿಂದ ನನಗೆ ಉಪಯೋಗ ಆಗಲಿಲ್ಲ. ನಿಮಗೆ ಪ್ರಿಗ್ಯಾಬಲಿನ್ ಗೊತ್ತಿರಬಹುದು, ನರದ ನೋವಿನ ಮಾತ್ರೆ. ಜೈಲಿನೊಳಗೆ ಅದು ದುಡ್ಡಿದ್ದ ಹಾಗೆ. ಒಬ್ಬ ಬಂದು ಕಾಲು ಉರಿಯುತ್ತೆ, ಪ್ರಿಗ್ಯಾಬಲಿನ್ ಕೊಡಿ ಅನ್ನುತ್ತಾನೆ. ನಿಜವಾಗಿ ನೋವಿರಬಹುದು, ಮಾರೋಕೆ ಇರಬಹುದು, ನೋವೂ ಇದ್ದು ಪಕ್ಕದ ಸೆಲ್ಲಿನವನು ಹೆದರಿಸಿ ಕಿತ್ತುಕೊಳ್ಳುತ್ತಲೂ ಇರಬಹುದು. 2019ರ ಏಪ್ರಿಲ್‌ನಿಂದ ಇಡೀ ಬ್ರಿಟನ್ನಿನಲ್ಲೇ ಅದು ನಿಯಂತ್ರಿತ ಔಷಧ. ನನ್ನ ಸರ್ಜರಿಯ ಡಾಕ್ಟರುಗಳನ್ನು ಕೇಳಿದರೆ "ಕೊಡಬೇಡ" ಅಂದುಬಿಡುತ್ತಿದ್ದರು, ಎದುರಿಗೆ ಕೂತವನ ಮುಖ ಅವರು ನೋಡಿಲ್ಲವಲ್ಲ.

ಕಾಲೇಜಿನಲ್ಲಿ ಊರಿನ ಲೆಕ್ಕ ಇಲ್ಲದ, ಆಸಕ್ತಿಯ ಮೇಲೆ ಸೇರುವ ಗುಂಪುಗಳೂ ಇವೆ. ಜೈಲಿನಂಥ ಕಡೆ ಕೆಲಸ ಮಾಡುವವರದ್ದು ಸೆಕ್ಯೂರ್ ಎನ್ವಿರಾನ್‌ಮೆಂಟ್ಸ್ ಗ್ರೂಪ್. ಜೈಲಿನಲ್ಲಿ ಔಷಧ ಬರೆಯೋದು ಹೇಗೆ ಅನ್ನೋ ಮಾರ್ಗದರ್ಶಿ ತಯಾರಿಸಿದ್ದೂ ಅವರೇ. ಒಂದೇ ವಾರ್ಡಿನಲ್ಲಿ ಒಂದೇ ಕಾಯಿಲೆಯವರು ಸೇರಿದ ಹಾಗೆ, ನಾನು ಬಾಯಿ ತೆಗೆಯುವ ಮೊದಲೇ ಅವರಿಗೆ ಅರ್ಥವಾಯಿತು. ನೋವು ಎಷ್ಟು ಅಂತ ಕೇಳಬೇಡ, ಜಿಮ್‌ಗೆ ಹೋಗ್ತಾನಾ, ಮೇಲಿನ ಬಂಕ್ ಹಾಸಿಗೆ ಹತ್ತುತ್ತಾನಾ ಅಂತ ಕೇಳು, ಅಂದರು ಒಬ್ಬರು. ಇಲ್ಲ ಅನ್ನೋದನ್ನು ಮೊದಲ ಐದು ನಿಮಿಷದಲ್ಲೇ ಹೇಳು, ಕೊನೆಗೆ ಹೇಳಿದರೆ ಜಗಳ ಆಗುತ್ತೆ, ಅಂದರು ಇನ್ನೊಬ್ಬರು. ಕೊಡಲೇಬೇಕು ಅನ್ನಿಸಿದರೆ ದಿನದಿನದ ಮಾತ್ರೆ ನರ್ಸ್ ಕಣ್ಣೆದುರೇ ನುಂಗಲಿ, ಇಡೀ ವಾರದ್ದು ಕೈಗೆ ಕೊಡಬೇಡ. ಇಷ್ಟು ಹೇಳೋರು ನನಗೆ ಮೂರು ವರ್ಷ ಸಿಕ್ಕಿರಲಿಲ್ಲ ನೋಡಿ.

ಎಲ್ಲ ಚೆನ್ನಾಗಿದೆ ಅಂತೇನಿಲ್ಲ. ಕೆಲಸ ಮಾಡೋರು ಎಲ್ಲ ಕಡೆ ಅದೇ ಆರೇಳು ಜನ, ಅದೂ ಸಂಬಳ ಇಲ್ಲದೆ, ರಾತ್ರಿ ಮಕ್ಕಳು ಮಲಗಿದ ಮೇಲೆ. ಹೊಸಬರು ಒಂದು ಸಭೆಗೆ ಬಂದು ಮತ್ತೆ ಕಾಣಿಸಲ್ಲ. ನನಗೂ ಈಗ ಏನೋ ಒಂದು ಜವಾಬ್ದಾರಿ ಅಂಟಿಸಿದ್ದಾರೆ.

ಅಮ್ಮ ಈಗ ಒಗ್ಗಿಕೊಂಡಿದ್ದಾರೆ. ಬುಧವಾರ ಸಂಜೆ ತಪ್ಪದೆ ಫೋನ್ ಮಾಡಿ "ಬಿಟ್ರಾ ಹೊರಗೆ?" ಅಂತ ಕೇಳುತ್ತಾರೆ.